ಸೆಲ್ವಿಯನ್ನು ನಾನು ಕಾಪಾಡಿದ ಬಗೆ

ನನಗೊಂದು ಕೆಟ್ಟ ಚಾಳಿಯಿದೆ. ಯಾರಾದರೂ ಏನಾದರೂ ಕೇಳಿದರೆ ‘ನನಗೆ ಗೊತ್ತಿಲ್ಲ’ ಎಂದು ಹೇಳಲು ಬಾಯಿಯೇ ಬರುವುದಿಲ್ಲ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳಿಗೆ ಇದು ಅಂಟಿಕೊಳ್ಳುವ ಕಾಯಿಲೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಒಮ್ಮೆ ರಸೆಲ್ ಮಾರುಕಟ್ಟೆಯ ಹತ್ತಿರ ಒಬ್ಬ ಹಿರಿಯರು ರಾಮಮೂರ್ತಿ ನಗರಕ್ಕೆ ಯಾವ ಬಸ್ಸಮ್ಮಾ ಎಂದು ಕೇಳಿದರು. ಎದುರಿಗೆ ನಿಂತಿದ್ದ ಬಸ್ಸನ್ನೇ ತೋರಿಸಿ, ಕೈಹಿಡಿದು ಹತ್ತಿಸಿಬಿಟ್ಟೆ. ಬಸ್ಸು ಮುಂದೆ ಹೋದ ಮೇಲೆ ಹಿಂದಿನ ಬೋರ್ಡು ಕಾಣಿಸಿತು: ಬನಶಂಕರಿ. ಪಾಪ, ಅವರು ಕಿಟಕಿಯಿಂದ ಕೈಬೀಸಿ ಥ್ಯಾಂಕ್ಸ್ ಹೇಳುತ್ತಿದ್ದರು. ಇಂಥವಳು ಹಿಮದ ಬೆಟ್ಟ ಹತ್ತಲೇಬಾರದಿತ್ತು.

ಹಲಸೂರು ಕೆರೆಯ ಸುತ್ತ ಬೆಳಿಗ್ಗೆ ವಾಕಿಂಗ್ ಮಾಡುವ ಗೆಳತಿಯರು ನಾವು ಮೂವರು. ಶಿವಾಜಿನಗರದಲ್ಲಿ ಬಟ್ಟೆ ಹೊಲಿಸುವ ಅಂಗಡಿಯಿಟ್ಟಿರುವ ಶಾಹೀನ್, ಹಲಸೂರಿನವಳೇ ಆದ ನರ್ಸ್ ಸೆಲ್ವಿ, ಲಿಂಗರಾಜಪುರದಿಂದ ಬರುವ ನಾನು. ಮೂವರೂ ನಲವತ್ತೈದು ದಾಟಿದವರು. ಒಂದು ದಿನ ಶಾಹೀನ್ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಯಾರೋ ಎರಡೂ ಕಾಲುಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಅಡ್ಡಡ್ಡವಾಗಿ ಜಾರುತ್ತಿದ್ದರು. “ಸ್ನೋಬೋರ್ಡಿಂಗ್ ಅಂತೆ. ಶುಕ್ರವಾರ ಹೊರಟ್ರೆ ಸೋಮವಾರ ಬೆಳಿಗ್ಗೆ ವಾಪಸ್. ಗುಲ್ಮಾರ್ಗ್‌ಗೆ ಹೋಗೋಣ್ವಾ?” ಎಂದಳು. ಸೆಲ್ವಿ ನನ್ನ ಮುಖ ನೋಡಿ, “ನಿಂಗೆ ಬರುತ್ತಾ ವಿಮಲಾ?” ಎಂದು ಕೇಳಿದಳು. “ಸ್ಕೂಲಲ್ಲಿದ್ದಾಗ ಸ್ಕೇಟಿಂಗ್ ಕಲ್ತಿದ್ದೆ. ಎಲ್ಲಾ ಒಂದೇ” ಎಂದೆ. ಚಕ್ರದ ಶೂ ಹಾಕಿಕೊಂಡು ನಾಲ್ಕು ದಿನ ಗೋಡೆ ಹಿಡಿದು ನಡೆದಿದ್ದೆ, ಅಷ್ಟೇ.

ಗುಲ್ಮಾರ್ಗಿನಲ್ಲಿ ನಮಗೆ ಕಲಿಸಲು ಬಂದವರು ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮೊದಲ ದಿನ ಸಮತಟ್ಟಾದ ಜಾಗದಲ್ಲಿ ಬೀಳುವುದನ್ನೇ ಕಲಿಸಿದರು. ಅದು ನನಗೆ ಚೆನ್ನಾಗಿಯೇ ಬಂತು. ಎರಡನೆಯ ದಿನ ಮೇಲಿನ ಇಳಿಜಾರಿಗೆ ಯಾರು ಬರುತ್ತೀರಿ ಎಂದು ಕೇಳಿದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು. ಶಾಹೀನ್ ಕೆಳಗಿದ್ದು ಫೋಟೋ ತೆಗೆಯುತ್ತೇನೆಂದಳು. ಸೆಲ್ವಿ ಮಾತ್ರ ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿ, “ನಾನೂ ಬರ್ತೀನಿ” ಎಂದಳು.

ತಂತಿಗೆ ತೂಗುವ ಲಿಫ್ಟಿನಲ್ಲಿ ಮೇಲೆ ಹೋದ ಮೇಲೆ ಮಾಸ್ತರು ಎಡಗಡೆಯ ಕೆಂಪು ಬಾವುಟಗಳನ್ನು ತೋರಿಸಿ, ಅದರಾಚೆ ಕಣಿವೆಯಿದೆ, ಹೋಗಲೇಬೇಡಿ ಎಂದರು. ಅಷ್ಟರಲ್ಲಿ ನಮ್ಮ ಜೊತೆ ಬಂದಿದ್ದ ಡೆಲ್ಲಿಯ ಒಬ್ಬರು ಬಿದ್ದು ಮೊಣಕೈ ಹಿಡಿದುಕೊಂಡರು. ಅವರನ್ನು ಕೆಳಗೆ ಬಿಟ್ಟು ಹತ್ತು ನಿಮಿಷದಲ್ಲಿ ಬರುತ್ತೇನೆ, ಕೂತ ಜಾಗದಿಂದ ಅಲ್ಲಾಡಬೇಡಿ ಎಂದು ಹೇಳಿ ಮಾಸ್ತರು ಇಳಿದುಹೋದರು.

ಸೆಲ್ವಿ ಹೇಳಿದ ಹಾಗೆ ಕೂತಿದ್ದಳು. ನಾನು ಕೂರಬೇಕಲ್ಲ! ಕೆಳಗಿನಿಂದ ಮಂಜು ಏರುತ್ತಿತ್ತು. ಮೊದಲು ಲಿಫ್ಟಿನ ಕಂಬಗಳು ಮುಳುಗಿದವು, ಆಮೇಲೆ ಬಾವುಟಗಳು. ಹೆದರಿದಾಗ ಪಾಠ ಮಾಡುವುದು ನನ್ನ ಅಭ್ಯಾಸ. ಮಂಡಿಯೂರಿ ಅವಳತ್ತ ಸರಿದು, “ಬಾ, ಅಷ್ಟರಲ್ಲಿ ಎದ್ದು ನಿಲ್ಲೋದು ಹೇಳ್ಕೊಡ್ತೀನಿ” ಎಂದು ಅವಳ ಎರಡೂ ಕೈ ಹಿಡಿದು ಎಳೆದೆ. ಎದ್ದಳು. ಅವಳ ಹಲಗೆ ಇಳಿಜಾರಿನ ಕಡೆ ತಿರುಗಿತು. ನನ್ನ ಕೈಯಲ್ಲಿ ಅವಳ ಒಂದು ಗ್ಲೌಸ್ ಉಳಿಯಿತು. ಸೆಲ್ವಿ ಇರಲಿಲ್ಲ.

“ಸೆಲ್ವೀ!” ಎಂದು ಕೂಗಿದೆ. ಮಂಜು ಆ ಕೂಗನ್ನು ನನ್ನ ಬಾಯಿಯ ಹತ್ತಿರವೇ ನುಂಗಿದಂತಿತ್ತು. ಮತ್ತೆ ಕೂಗಿದೆ. ಉತ್ತರವಿಲ್ಲ. ಅವಳು ನೇರ ಹೋದಳೋ, ಎಡಕ್ಕೆ ಹೋದಳೋ? ಬಾವುಟಗಳು ಎಲ್ಲಿವೆ? ಅವಳ ಅತ್ತೆಗೆ ಏನೆಂದು ಫೋನ್ ಮಾಡಲಿ? ನನ್ನ ಕಾಲಿನ ಬೆಲ್ಟುಗಳನ್ನು ಹೇಗೋ ಬಿಚ್ಚಿ, ಹಲಗೆಯನ್ನು ಅಲ್ಲೇ ಬಿಟ್ಟು ಕೆಳಗೆ ಕೂತೆ. ಹಿಮದ ಮೇಲೆ ಅವಳ ಹಲಗೆ ಎಳೆದ ಗೆರೆಯೊಂದು ಕಾಣುತ್ತಿತ್ತು. ಅದನ್ನೇ ಹಿಡಿದು ಕುಂಡೆಯ ಮೇಲೆ ಜಾರತೊಡಗಿದೆ. ಗೆರೆ ಸ್ವಲ್ಪ ದೂರ ನೇರ ಹೋಗಿ ಎಡಕ್ಕೆ ತಿರುಗಿತು. ಹಿಮ್ಮಡಿ ಊರಿ ನಿಲ್ಲಿಸಲು ನೋಡಿದರೆ ವೇಗ ಇನ್ನೂ ಹೆಚ್ಚಿತು. ಮಂಜಿನೊಳಗೆ ಕೆಂಪಾಗಿ ಏನೋ ಹಾದುಹೋಯಿತು. ಬಾವುಟ! ನಾನು ಇದ್ದಬದ್ದ ದೇವರನ್ನೆಲ್ಲ ಕರೆಯುತ್ತಾ ಮೆತ್ತಗಿನ ಯಾವುದಕ್ಕೋ ಧಡ್ಡೆಂದು ಗುದ್ದಿ ನಿಂತೆ.

“ಅಯ್ಯೋ, ಯಮ್ಮಾ!” ಎಂದಿತು ಅದು.

ಹಿಮದ ಗುಡ್ಡೆಯೊಂದಕ್ಕೆ ಸಿಕ್ಕಿಕೊಂಡು ಸೆಲ್ವಿ ಕೂತಿದ್ದಳು. ಅವಳ ಆಚೆ ನಾಲ್ಕು ಹೆಜ್ಜೆಗೆ ದೇವದಾರು ಮರದ ತುದಿಯೊಂದು ಕಾಣುತ್ತಿತ್ತು. ಬುಡ ಕಾಣುತ್ತಿರಲಿಲ್ಲ. ನಾನು ಅವಳ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದೆ.

“ಕೂಗಿದ್ನಲ್ಲೇ, ಯಾಕೆ ಮಾತಾಡ್ಲಿಲ್ಲ?”

“ಬಾಯ್ತುಂಬ ಹಿಮ ಇತ್ತು. ಅಲ್ಲಾಡಬೇಡ ಈಗ. ನನ್ನ ಪಾದ ಹೋಗಿದೆ. ಮುರಿದಿಲ್ಲ, ಉಳುಕಿರ್ಬೇಕು.” ನರ್ಸಿನ ದನಿ, ಒಂದಿಷ್ಟೂ ನಡುಗಲಿಲ್ಲ.

“ಸೆಲ್ವಿ, ನಂಗೆ ಇದು ಏನೂ ಗೊತ್ತಿಲ್ಲ ಕಣೇ. ಸುಳ್ಳು ಹೇಳಿದ್ದೆ.”

“ಗೊತ್ತು. ನಿನ್ನೆ ಶೂ ಎಡ ಬಲ ಅದಲುಬದಲು ಹಾಕ್ಕೊಂಡ್ಯಲ್ಲ, ಆಗ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ನನ್ಜೊತೆ ಬಂದೆ?”

“ನಿನ್ನೊಬ್ಳನ್ನೇ ಕಳಿಸೋಕೆ ಭಯ ಆಯ್ತು ಕಣೇ.”

ನಾನು ಅವಳ ಗ್ಲೌಸನ್ನು ಅವಳ ಕೈಗೆ ಹಾಕಿದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಲುಗಾಡದೆ ಕೂತೆವು. ಮಾಸ್ತರ ಸೀಟಿ ಕೇಳಿಸಿದಾಗ ಒಟ್ಟಿಗೆ ಕಿರುಚಿದೆವು. ಅವರು ಬಂದು ನಮ್ಮನ್ನು, ಮರದ ತುದಿಯನ್ನು, ಮತ್ತೆ ನಮ್ಮನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೆಳಗೆ ಕಾದಿದ್ದ ಶಾಹೀನ್ ಮಾಸ್ತರ ಪಾಲಿನದನ್ನೂ ಸೇರಿಸಿ, ದಖ್ಖನಿ, ಕನ್ನಡ ಎರಡರಲ್ಲೂ ಅಳುತ್ತಾ ಬೈದಳು.

ಊರಿಗೆ ಬಂದ ಮೇಲೆ ಮುಂದಿನ ಭಾನುವಾರ ಹಲಸೂರಿಗೆ ಸೆಲ್ವಿಯನ್ನು ನೋಡಲು ಹೋದೆ. ಅವಳು ಕಾಲಿಗೆ ಪಟ್ಟಿ ಸುತ್ತಿಕೊಂಡು ದಿವಾನದ ಮೇಲೆ ಮಲಗಿದ್ದಳು. ಅವಳ ಅತ್ತೆ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. “ಮಂಜಲ್ಲಿ ಪ್ರಾಣದ ಆಸೆ ಬಿಟ್ಟು ಹಾರಿ ನಮ್ಮ ಹುಡುಗೀನ ಕಾಪಾಡ್ದೆಯಂತೆ, ಶಾಹೀನಮ್ಮ ಹೇಳಿದ್ಳು.” ನಾನು ಗಟ್ಟಿ ಮನಸ್ಸು ಮಾಡಿ ಎಲ್ಲವನ್ನೂ ಒಪ್ಪಿಸಿದೆ: ನನಗೆ ಏನೂ ಬರುವುದಿಲ್ಲ, ಅವಳನ್ನು ಎಳೆದು ಜಾರಿಸಿದವಳು ನಾನೇ, ಹಾರಲಿಲ್ಲ, ಕೂತು ಜಾರಿದೆ, ಕಾಪಾಡಲಿಲ್ಲ, ಹೋಗಿ ಗುದ್ದಿದೆ. ನನ್ನ ಜೀವಮಾನದಲ್ಲೇ ಅಷ್ಟು ಉದ್ದದ ಸತ್ಯವನ್ನು ಒಂದೇ ಉಸಿರಿಗೆ ಹೇಳಿದ್ದಿಲ್ಲ.

ಅತ್ತೆ ಪೂರ್ತಿ ಕೇಳಿ, ಸೊಸೆಯ ಕಡೆ ತಿರುಗಿದರು. “ನೋಡಿದ್ಯಾ? ಮಾಡಿದ್ದನ್ನ ಹೇಳ್ಕೊಳ್ಳೋಕೂ ನಾಚ್ಕೋತಾಳೆ. ಓದಿದೋರು ಅಂದ್ರೆ ಹೀಗಿರ್ಬೇಕು.” ಸೆಲ್ವಿ ದಿಂಬನ್ನು ಮುಖಕ್ಕೆ ಒತ್ತಿಕೊಂಡಳು. ದಿಂಬು ಕುಲುಕಾಡುತ್ತಿತ್ತು. ಇನ್ನೊಮ್ಮೆ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ತಟ್ಟೆಗೆ ಎರಡು ಬಿಸಿ ಮೆದುವಡೆ ಹಾಕಿದರು. ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಸರಿಯಲ್ಲವೆನಿಸಿ, ತಲೆತಗ್ಗಿಸಿ, ಅವರು ಹೊಗಳಿದಷ್ಟೇ ವಿನಯದಿಂದ ತಿಂದೆ.