ಕುಂಬಾರಗುಂಡಿಯ ಏಳಡಿ ಹುಡುಗರು

ಬಹಳ ಹಿಂದೆ ಜಯಘೋಷಪುರವೆಂಬ ಒಂದು ರಾಜ್ಯವಿತ್ತು. ಓದುಗರು ನಕ್ಷೆಯಲ್ಲಿ ಹುಡುಕುವ ಕಷ್ಟ ತೆಗೆದುಕೊಳ್ಳಬಾರದು. ಅದನ್ನಾಳುತ್ತಿದ್ದ ಶ್ರೀಮನ್ಮಹಾರಾಜ ವಿಜಯೋತ್ತುಂಗರು ಐವತ್ತೆರಡನೆಯ ವಯಸ್ಸಿನಲ್ಲೂ ಪ್ರಥಮ ಬಿ.ಎ. ವಿದ್ಯಾರ್ಥಿ. ದಡ್ಡರೆಂದಲ್ಲ. ಪಾಸಾದರೆ ಅರಮನೆ ಕಾಲೇಜಿನ ಫುಟ್‌ಬಾಲ್ ತಂಡದ ನಾಯಕತ್ವ ಕೈತಪ್ಪುತ್ತಿತ್ತು. ಆದ್ದರಿಂದ ಪರೀಕ್ಷೆಯ ದಿನ ಅವರಿಗೆ ಜ್ವರ ಬರುವುದೆಂದು ರಾಜವೈದ್ಯರು ವರ್ಷಾರಂಭದಲ್ಲೇ ಪ್ರಮಾಣಪತ್ರ ಬರೆದಿಡುತ್ತಿದ್ದರು.

ಆಟದ ಋತುವಿನ ಮೊದಲ ಪಂದ್ಯವನ್ನು ಮಹಾರಾಜರು ಕಳೆದ ಹತ್ತೊಂಬತ್ತು ವರ್ಷವೂ ಗೆದ್ದಿದ್ದರು. ಎದುರಾಳಿಯನ್ನು ಆರಿಸುವವರೂ ಅವರೇ ಆಗಿದ್ದುದು ಇದಕ್ಕೆ ಒಂದು ಕಾರಣ. ಸೋತ ಕಾಲೇಜು ತನ್ನ ಮೈದಾನವನ್ನು ವಿಜಯಸ್ಮಾರಕಕ್ಕೆ ಬಿಟ್ಟುಕೊಡಬೇಕೆಂಬುದು ನಿಯಮ. ಹೀಗಾಗಿ ರಾಜ್ಯದಲ್ಲಿ ಹತ್ತೊಂಬತ್ತು ಸ್ಮಾರಕಗಳಿದ್ದವು, ಮೈದಾನ ಎರಡೇ ಉಳಿದಿದ್ದವು. ಒಂದು ಅರಮನೆಯದು. ಇನ್ನೊಂದು ಕುಂಬಾರಗುಂಡಿ ಕಾಲೇಜಿನದು. ಈ ಸಲದ ಎದುರಾಳಿ ಆ ಕಾಲೇಜೇ.

ಪಂದ್ಯಕ್ಕೆ ಮುನ್ನ ಎದುರಾಳಿಯ ಬಲಾಬಲ ತಿಳಿಸುವ ಮುನ್ನೋಟ ರಾಜಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅದನ್ನು ಬರೆಯುವವನು ಮುನ್ನೋಟಾಧಿಕಾರಿ ಗುರುಪಾದಯ್ಯ. ಕಣ್ಣಾರೆ ಕಾಣದ ಅಂಕಿಯನ್ನು ಅವನು ಬರೆದವನಲ್ಲ. ‘ಸುಮಾರು’ ಎಂಬ ಪದ ಅವನ ಬರಹದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಕುಂಬಾರಗುಂಡಿಗೆ ಹೋದ ಅವನು ಹನ್ನೊಂದು ಹುಡುಗರನ್ನೂ ಹಾಸ್ಟೆಲಿನ ಗೋಡೆಗೆ ಒರಗಿಸಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆದ. ಹಾಸ್ಟೆಲಿನ ಅಡುಗೆಯವಳೂ ತಂಡದ ತರಬೇತುದಾರಳೂ ಆದ ಮಾಳವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಯಾಕ್ರೀ ಸಾಹೇಬ್ರ, ಅಳತಿ ತಗೊಳ್ಳಾಕತ್ತೀರಿ? ಹುಡುಗುರ್ಗೆ ಅಂಗಿ ಹೊಲಸ್ತೀರೇನು?”

“ಮುನ್ನೋಟ ಬರೀಬೇಕು ತಾಯಿ. ಸರಾಸರಿ ಎತ್ತರ ಐದು ಅಡಿ ಒಂದು ಅಂಗುಲ.”

“ಬರೀರಿ, ಇದ್ದದ್ದು ಇದ್ದಂಗ ಬರೀರಿ. ಬೂಟು ನಾಕ ಜೋಡಿ ಅದಾವು ಅಂತನೂ ಬರೀರಿ. ಗೋಲು ಕಾಯೋ ಈರಣ್ಣಗ ಸಂಜೀ ಮುಂದ ಕಣ್ಣು ಮಂಜ ಅಕ್ಕಾವು, ಅದನ್ನೂ ಬರೀರಿ. ಇಂಥವರ ಕೂಡ ಆಡಾಕ ರಾಜರಿಗೇ ನಾಚಿಕಿ ಬಂದು ಬ್ಯಾಡ ಅಂದ್ರ, ನಮ್ಮ ಬಯಲಾರ ಉಳೀತೈತಿ.”

ಗುರುಪಾದಯ್ಯ ಹಾಗೆಯೇ ಬರೆದ. ಇದ್ದದ್ದನ್ನು ಇದ್ದಂತೆ ಬರೆದರೆ ಯಾರಿಗಾದರೂ ಉಪಕಾರವಾಗಬಹುದೆಂಬುದು ಅವನಿಗೆ ಹೊಸ ಸುದ್ದಿಯಾಗಿತ್ತು.

ಕರಡು ಓದಿದ ಪ್ರಧಾನಾಮಾತ್ಯ ಸ್ತುತಿಸಾಗರರ ಮುಖ ಹುಳ್ಳಗಾಯಿತು.

“ಐದಡಿ ಒಂದಂಗುಲ? ಇಂಥವರನ್ನ ಗೆದ್ದರೆ ಪ್ರಭುಗಳ ಇಮೇಜ್ ಏನಾಗಬೇಕು ರೀ? ಆರೂವರೆ ಮಾಡಿ.”

“ಸ್ವಾಮಿ, ನಾನೇ ಅಳೆದಿದ್ದೇನೆ.”

“ಅಳೆದದ್ದು ಮೊನ್ನೆ. ಬೆಳೆಯೋ ಹುಡುಗರಲ್ವೇ? ಹಿಂದಿನ ಸಾಧನೆ ಏನು?”

“ಆಡಿದ್ದು ಎರಡು ಪಂದ್ಯ. ಒಂದು ಸೋತರು. ಇನ್ನೊಂದರಲ್ಲಿ ಚೆಂಡು ಬಾವಿಗೆ ಬಿದ್ದು ಆಟ ನಿಂತಿತು.”

“ಅಂದರೆ ಆಡಿದ್ದರಲ್ಲಿ ಅರ್ಧದಷ್ಟು ಪಂದ್ಯಗಳಲ್ಲಿ ಅಜೇಯರು. ಹಾಗೇ ಬರೀರಿ. ಸುಳ್ಳು ಬರೀರಿ ಅಂತ ನಾನು ಯಾವತ್ತೂ ಹೇಳೋನಲ್ಲ.”

ಆಹಾರ ಸಚಿವರು ಗೋಲ್‌ಕೀಪರನ ಬೆಳಗಿನ ಉಪಾಹಾರಕ್ಕೆ ಒಂದು ಟಗರು ಸೇರಿಸಿದರು. ಆಸ್ಥಾನಕವಿಗಳು ಅವನ ಉಸಿರಿಗೆ ನಾಲ್ಕು ಮರ ಉರುಳಿಸಿದರು. ಸಂಸ್ಕೃತಿ ಸಚಿವರು ಏನೂ ಹೊಳೆಯದೆ, ತಂಡಕ್ಕೆ ರಕ್ಕಸ ವಂಶದ ಹಿನ್ನೆಲೆ ಇದೆಯೆಂದರು. ಮಹಾರಾಜರು ಅಂಕಿತ ಹಾಕಿದರು. ಓದಿ ಸಹಿ ಮಾಡುವ ಪದ್ಧತಿ ಆ ರಾಜ್ಯದಲ್ಲಿರಲಿಲ್ಲ.

ಅವರು ಓದಿದ್ದು ಮರುದಿನ, ಕಾಫಿಯ ಜೊತೆಗೆ. ಲೋಟ ಕೈಜಾರಿತು.

“ಈ ದೈತ್ಯರನ್ನು ಕರೆದವರು ಯಾರು?”

ಸಚಿವರು ಒಬ್ಬರ ಹಿಂದೊಬ್ಬರು ಸರಿದರು. ಸುಳ್ಳೆಂದರೆ ರಾಜಾಂಕಿತವೇ ಸುಳ್ಳಾಗುತ್ತದೆ. ನಿಜವೆಂದರೆ ಪ್ರಭುಗಳು ಮೈದಾನಕ್ಕೆ ಇಳಿಯುವುದಿಲ್ಲ. ಮಹಾರಾಜರು ಗುರುಪಾದಯ್ಯನತ್ತ ತಿರುಗಿದರು.

“ಕಣ್ಣಾರೆ ಕಂಡವನು ನೀನು. ಹೇಳು, ನಿಜವಾಗಿ ಆರೂವರೆ ಅಡಿಯೇ?”

ಗುರುಪಾದಯ್ಯನಿಗೆ ಕುಂಬಾರಗುಂಡಿಯ ಬಯಲು ಕಣ್ಣಿಗೆ ಕಟ್ಟಿತು. ಆ ಬಯಲು ರಾಜರ ನಾಚಿಕೆಯಿಂದ ಉಳಿಯಲಿಲ್ಲ, ಹೆದರಿಕೆಯಿಂದ ಉಳಿಯಬಹುದಲ್ಲ?

“ಇಲ್ಲ ಪ್ರಭು,” ಎಂದ. ಸ್ತುತಿಸಾಗರರು ಬೆವರಿದರು. “ಸುಮಾರು ಏಳಿರಬಹುದು.”

ಮಹಾರಾಜರು ಹಾಸಿಗೆ ಹಿಡಿದರು. ಈ ಸಲದ ಜ್ವರಕ್ಕೆ ಪ್ರಮಾಣಪತ್ರ ಬೇಕಾಗಲಿಲ್ಲ.

ಪಂದ್ಯ ರದ್ದಾಯಿತೆಂದೇ ಗುರುಪಾದಯ್ಯ ನಂಬಿದ. ಆಗಲಿಲ್ಲ. ವಿಜಯೋತ್ಸವದ ಬ್ಯಾನರುಗಳನ್ನು ಆಗಲೇ ಊರೆಲ್ಲ ಕಟ್ಟಿಯಾಗಿತ್ತು. ಬ್ಯಾನರು ಕಟ್ಟಿದ ಮೇಲೆ ಹಿಂದೆಗೆಯಲು ಶಾಸ್ತ್ರದಲ್ಲಿ ಅವಕಾಶವಿಲ್ಲ. ಉನ್ನತ ಮಟ್ಟದ ಭದ್ರತಾ ಸಮಿತಿ ತುರ್ತಾಗಿ ಸೇರಿ, ಅರಮನೆ ತಂಡದ ಗೋಲಿಗೆ ಅಡ್ಡಲಾಗಿ ಇಟ್ಟಿಗೆ ಗೋಡೆ ಕಟ್ಟಿಸಿತು, ಅದರ ಮುಂದೆ ಎರಡು ಆನೆ ನಿಲ್ಲಿಸಿತು. ತಂಡದ ನಾಯಕರನ್ನು ಪಲ್ಲಕ್ಕಿಯಲ್ಲಿ ಮೈದಾನದ ನಡುವಿಗೆ ಹೊತ್ತು ತಂದರು. ಪರದೆ ಇಳಿಬಿಟ್ಟಿತ್ತು.

ಕುಂಬಾರಗುಂಡಿಯ ಹನ್ನೊಂದು ಹುಡುಗರು ಸಾಲಾಗಿ ಬಂದರು. ನಾಲ್ವರ ಕಾಲಲ್ಲಿ ಬೂಟಿತ್ತು. ಪರದೆಯ ಸಂದಿಯಲ್ಲಿ ಒಂದು ರಾಜನೇತ್ರ ಕಾಣಿಸಿಕೊಂಡಿತು.

“ಯಾರಿವರು? ದೈತ್ಯರೆಲ್ಲಿ?”

ಗೆರೆಯಾಚೆಯಿಂದ ಮಾಳವ್ವ ಕೂಗಿದಳು: “ದೈತ್ಯರೂ ಇಲ್ಲ ಗಿತ್ಯರೂ ಇಲ್ರೀ, ಇವರ ನಮ್ಮ ಹುಡುಗುರು! ಲಗೂನ ಆಟಾ ಸುರು ಮಾಡ್ರಿ, ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಿ!”

ಜನ ನಗಲು ಶುರುಮಾಡಿದರು. ಇನ್ನೇನು ನಿಜ ಹೊರಬಿದ್ದಿತೆಂದು ಗುರುಪಾದಯ್ಯ ಕಣ್ಣು ಮುಚ್ಚಿದ. ಆದರೆ ಸ್ತುತಿಸಾಗರರು ಸುಮ್ಮಸುಮ್ಮನೆ ಪ್ರಧಾನಾಮಾತ್ಯರಾದವರಲ್ಲ. ನೆಲಕ್ಕೆ ಹಣೆ ಹಚ್ಚಿ, ಎದ್ದು, ಮೈಕು ಹಿಡಿದರು.

“ಪ್ರಭೂ! ನಿನ್ನೆಯವರೆಗೆ ಇವರು ಏಳಡಿ ಇದ್ದರು. ತಮ್ಮ ಪಲ್ಲಕ್ಕಿಯನ್ನು ಕಂಡ ಭಯಕ್ಕೆ ಕುಗ್ಗಿ ಐದಡಿ ಒಂದಂಗುಲಕ್ಕೆ ಇಳಿದಿದ್ದಾರೆ! ತಲೆಗೆ ಇಪ್ಪತ್ತಮೂರು ಅಂಗುಲದಂತೆ, ಒಂದೇ ಒಂದು ಒದೆಯಿಲ್ಲದೆ, ತಾವು ಇಪ್ಪತ್ತೊಂದು ಅಡಿ ಒಂದು ಅಂಗುಲದ ಅಂತರದಿಂದ ಗೆದ್ದಿದ್ದೀರಿ!”

ಲೆಕ್ಕ ಸರಿಯಾಗಿತ್ತು. ಗುರುಪಾದಯ್ಯ ಮನಸ್ಸಿನಲ್ಲೇ ಗುಣಿಸಿ ನೋಡಿದ, ಅಭ್ಯಾಸಬಲ.

ಪರದೆ ಸರಿಯಿತು. ಮಹಾರಾಜರು ಇಳಿದು ಬಂದು, ಗೋಲ್‌ಕೀಪರ್ ಈರಣ್ಣನ ನೆತ್ತಿಯ ಮೇಲೆ ಅಂಗೈಯಿಟ್ಟು ನೋಡಿದರು.

“ನಮ್ಮ ತೇಜಸ್ಸು ಇಷ್ಟೊಂದಿದೆಯೆಂದು ನಮಗೇ ತಿಳಿದಿರಲಿಲ್ಲವಲ್ಲ,” ಎಂದರು.

ಅಲ್ಲಿಯೇ ಅವರಿಗೆ ‘ದೈತ್ಯಸಂಕೋಚಕ ಚಕ್ರವರ್ತಿ’ ಎಂಬ ಬಿರುದು ಕೊಟ್ಟು ಹೊಸ ಕಿರೀಟ ತೊಡಿಸಲಾಯಿತು. ಚೆಂಡು ನಡುಗೆರೆಯ ಮೇಲೆ ಇಟ್ಟಲ್ಲೇ ಇತ್ತು. ಮುಂದಿನ ವರ್ಷ ಆಡಲು ಯಾವ ಕಾಲೇಜೂ ಉಳಿಯದಿರುವುದನ್ನು ಕ್ರೀಡಾ ಸಚಿವರು ‘ಶಾಶ್ವತ ಅಜೇಯತೆ’ ಎಂದು ದಾಖಲಿಸಿದರು.

ಕುಂಬಾರಗುಂಡಿಯ ಬಯಲಲ್ಲಿ ಇಪ್ಪತ್ತೊಂದು ಅಡಿ ಒಂದು ಅಂಗುಲದ ಸ್ಮಾರಕದ ಕೆಲಸ ಮರುವಾರವೇ ಆರಂಭವಾಯಿತು. ಮನೆಗೊಬ್ಬರು ಬಂದು ಕಲ್ಲು ಹೊರಬೇಕೆಂದು ಆಜ್ಞೆಯಾಯಿತು. ಹೊರೆಯ ತೂಕ ಆಳಿನ ಎತ್ತರಕ್ಕೆ ತಕ್ಕಂತೆ. ತಂಡದ ಹನ್ನೊಂದು ಮಂದಿ ಕುಗ್ಗಿರುವುದು ತಾತ್ಕಾಲಿಕವೆಂದು ರಾಜವೈದ್ಯರು ಬರೆದುಕೊಟ್ಟಿದ್ದರಿಂದ, ಅವರಿಗೂ ಅವರ ಮನೆಯವರಿಗೂ ಏಳಡಿಯವರ ಕಲ್ಲುಗಳೇ ನಿಗದಿಯಾದವು.

ಕಾಮಗಾರಿಯ ಪ್ರಗತಿ ವರದಿ ಮಾಡಲು ಗುರುಪಾದಯ್ಯ ಹೋದಾಗ, ಮಾಳವ್ವ ಹುಡುಗರ ಪಾಲಿನ ಒಂದು ಚಪ್ಪಡಿಯ ತುದಿಯಲ್ಲಿ ಸುಧಾರಿಸಿಕೊಳ್ಳುತ್ತ ಕೂತಿದ್ದಳು.

“ಬರ್ರಿ ಸಾಹೇಬ್ರ. ನಮ್ಮ ಹುಡುಗುರ್ಗೆ ಏಳಡಿ ಅಂದಾವ ಯಾವ ಪುಣ್ಯಾತ್ಮರೀ?”

“ಆರೂವರೆ ಅಂದದ್ದು ಪ್ರಧಾನರು, ತಾಯಿ. ಮೇಲಿನ ಅರ್ಧ ಅಡಿ ನನ್ನದು.”

“ನೀವಾ? ಯಾಕ?”

“ರಾಜರು ಹೆದರಿ ಬಿಟ್ಟುಬಿಡಲಿ ಅಂತ.”

ಮಾಳವ್ವ ಅಂಗೈಯ ಕಲ್ಲುಪುಡಿ ಕೊಡವಿದಳು.

“ಅಂಜಿದ ನಾಯೀನ ಮದ್ಲ ಕಚ್ಚೂದು. ಇಷ್ಟು ಓದೀರಿ, ಅದು ಗೊತ್ತಿಲ್ಲೇನು?” ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. “ಇರ್ಲಿ. ಆ ತುದಿ ಹಿಡೀರಿ.”

ಗುರುಪಾದಯ್ಯ ಲೇಖನಿಯನ್ನು ಕಿವಿಗೆ ಸಿಕ್ಕಿಸಿ ಬಗ್ಗಿದ. ಕಲ್ಲು ಏಳಡಿಯವರದ್ದು. ಅವನ ಎತ್ತರ ಐದು ಅಡಿ ನಾಲ್ಕು ಅಂಗುಲ.