ರೋಮ್ ನಗರದ ತಿರುಪಿಲ್ಲದ ನಲ್ಲಿ

ಹೆಬ್ಬಗೋಡಿಯ ನರಸಪ್ಪನವರು ರೋಮ್ ನಗರದ ಮೇಲೆ ದಂಡೆತ್ತಿ ಹೋಗುವುದಕ್ಕೆ ಕಾರಣ ಅತ್ತಿಬೆಲೆಯ ಅನುಸೂಯಮ್ಮನವರ ಒಂದು ಮಾತು. ಅನುಸೂಯಮ್ಮ ಅಂದರೆ ನರಸಪ್ಪನವರ ಹೆಂಡತಿ ವೆಂಕಟಮ್ಮನ ಅಕ್ಕ. ಒಂದು ಭಾನುವಾರ ತಂಗಿಯ ಮನೆಗೆ ಬಂದು, ಮುದ್ದೆ ಉಂಡು, ಎಂಜಲು ಕೈ ತೊಳೆಯುವ ಮೊದಲೇ ಸುದ್ದಿ ಹೊರಗೆ ಹಾಕಿದರು.

"ಮೇ ತಿಂಗ್ಳಲ್ಲಿ ನಾವು ಯೂರೋಪ್ ಪ್ಯಾಕೇಜ್ ಟೂರ್ ಒಂಟಿದೀವಿ. ಪ್ಯಾರಿಸ್ಸು, ಸ್ವಿಜರ್ಲೆಂಡು, ಕೊನೇಗೆ ರೋಮು. ಮೂರು ಹೊತ್ತೂ ನಮ್ ಊಟಾನೇ. ಅಡುಗೆ ಭಟ್ಟರೂ ಜೊತೇಲೇ ಬತ್ತಾರೆ."

ನರಸಪ್ಪನವರ ಗಂಟಲಲ್ಲಿ ಕೊನೆಯ ತುತ್ತು ನಿಂತಿತು. ನೀರು ಕುಡಿದು ಅದನ್ನು ಕೆಳಗಿಳಿಸಿ, ಮೀಸೆ ಒರೆಸಿಕೊಂಡು ಘೋಷಿಸಿದರು: "ಭಟ್ರು ಜೊತೇಲಿ ಬಂದ್ರೆ ಅದನ್ನ ಟೂರ್ ಅನ್ನಲ್ಲ ಅತ್ತಿಗೆ, ಮದುವೆ ದಿಬ್ಬಣ ಅಂತಾರೆ. ಯಾವನೋ ಬಾವುಟ ಹಿಡ್ಕೊಂಡು ಮುಂದೆ ಹೋಗೋದು, ನೀವು ಕುರಿಮಂದೆ ತರ ಹಿಂದೆ ಹೋಗೋದು. ನಾನೂ ಅದೇ ಮೇ ತಿಂಗಳಲ್ಲಿ ರೋಮಿಗೆ ಹೋಗ್ತೀನಿ. ಬಾವುಟ ಇಲ್ಲ, ಭಟ್ರಿಲ್ಲ. ಬೆನ್ನಿಗೊಂದು ಚೀಲ, ಕಾಲಿಗೊಂದು ಶೂಸು."

"ಒಬ್ರೇನಾ?" ಎಂದರು ವೆಂಕಟಮ್ಮ.

"ನೀನೂ ಬತ್ತೀಯ."

"ನನ್ ಬೆನ್ನಿಗೂ ಚೀಲಾನಾ?"

ಈ ಬೆನ್ನಚೀಲದ ಹುಚ್ಚು ಹತ್ತಿಸಿದ್ದು ಮಗಳು ದೀಪಶ್ರೀ. ಹಿಂದಿನ ವರ್ಷ ಅವಳು ಆಫೀಸಿನ ಗೆಳತಿಯರ ಜೊತೆ ಅಗ್ಗದ ಹಾಸ್ಟೆಲ್ಲುಗಳಲ್ಲಿ ಮಲಗಿ ನಾಲ್ಕು ದೇಶ ಸುತ್ತಿ ಬಂದಿದ್ದಳು. ಅವಳು ಎಚ್ಚರಿಸಿದಳು: "ಅಪ್ಪ, ಅಲ್ಲಿ ಒಂದೇ ರೂಮಲ್ಲಿ ಎಂಟು ಜನ. ಮಂಚದ ಮೇಲೆ ಮಂಚ. ನಿಮ್ಮ ಕೈಲಾಗಲ್ಲ."

"ನಮ್ ಬಿಲ್ಡಿಂಗ್ನಲ್ಲಿ ಇಲ್ವಾ? ಬಾಡಿಗೆಯೋರು ಇರಬೌದು, ಓನರ್ ಇರಬಾರ್ದಾ?"

ಆ ಬಿಲ್ಡಿಂಗಿನ ವಿಷಯ ಇಲ್ಲಿ ಹೇಳಲೇಬೇಕು. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನರಸಪ್ಪನವರು ಮೂರಂತಸ್ತಿನ ವಠಾರ ಎಬ್ಬಿಸಿದ್ದರು. ಅದರ ತುಂಬಾ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದು ಫ್ಯಾಕ್ಟರಿಗೋ ಕಟ್ಟಡದ ಕೆಲಸಕ್ಕೋ ಹೋಗುವ ಜನ. ಆ ಸಾಮ್ರಾಜ್ಯದ ರಾಜದಂಡವೆಂದರೆ ನೀರಿನ ವಾಲ್ ತಿರುಗಿಸುವ ಕಬ್ಬಿಣದ ಕೀ. ಅದು ಸದಾ ನರಸಪ್ಪನವರ ಸೊಂಟದ ಬೆಲ್ಟಿಗೆ ನೇತಾಡುತ್ತಿತ್ತು. ಬೆಳಗ್ಗೆ ಒಂದು ಹೊತ್ತು ವಾಲ್ ತೆರೆಯುವುದು, ಬಿಂದಿಗೆ ತುಂಬುತ್ತಿದ್ದಂತೆ ಮುಚ್ಚುವುದು. ಬಡಾವಣೆಯೆಲ್ಲ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವಾಗ ತಮ್ಮ ಸಂಪಿನಲ್ಲಿ ಮಾತ್ರ ನೀರಿದೆ ಎಂಬುದು ಅವರ ಹೆಮ್ಮೆ. ಅದಕ್ಕೆ ಕಾರಣ ಬೋರ್‌ವೆಲ್ ಅಲ್ಲ, ಮಳೆಯಲ್ಲ, ಆ ಕೀ.

ಮೇಲಿನ ಮಹಡಿಯಲ್ಲಿದ್ದ ಶಿವಗಂಗಾ ಎಂಬುವಳು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುವ ಹೆಣ್ಣುಮಗಳು. ಹಿಂದೆ ಪ್ರತಿವಾರ ಬಂದು ಕೇಳುತ್ತಿದ್ದಳು: "ಸಂಜಿ ಮುಂದ ಒಂದೀಟು ನೀರು ಬಿಡ್ರಿ ಯಜಮಾನ್ರ. ದುಡಿದು ಬಂದ್ರ ಮಾರಿ ತೊಳ್ಕೊಳ್ಳಾಕ ನೀರಿರಂಗಿಲ್ಲ." ನರಸಪ್ಪನವರು ಪ್ರತಿವಾರವೂ ನೀರಿನ ಮಹತ್ವದ ಬಗ್ಗೆ ಉಪನ್ಯಾಸ ಕೊಟ್ಟು ಕಳಿಸುತ್ತಿದ್ದರು. ಈಚೆಗೆ ಕೆಲವು ತಿಂಗಳಿಂದ ಅವಳು ಕೇಳುವುದನ್ನೇ ಬಿಟ್ಟಿದ್ದಳು.

"ನೋಡ್ದ್ಯಾ," ಎನ್ನುತ್ತಿದ್ದರು ನರಸಪ್ಪನವರು, "ಜನಕ್ಕೆ ಶಿಸ್ತು ಕಲಿಸಿದ್ರೆ ಕಲೀತಾರೆ."

"ಊಂ," ಎಂದು ವೆಂಕಟಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಅಂಥ ಕೀಯನ್ನೇ ಅಂದು ಅತ್ತಿಗೆಯ ಎದುರು ಪಣಕ್ಕಿಟ್ಟರು. "ರೋಮಲ್ಲಿ ಯಾರ ಸಹಾಯಕ್ಕಾದ್ರೂ ನಾನು ಕೈ ಚಾಚಿದ್ರೆ, ಯಾರ ಮುಂದಾದ್ರೂ ನಗೆಪಾಟಲಾದ್ರೆ, ವೆಂಕಟೂ, ಇದು ನಿಂದು!"

"ನಂಗ್ಯಾಕೆ ಬುಡಿ ಅದು," ಎಂದು ವೆಂಕಟಮ್ಮ ಎಂಜಲೆಲೆ ಎತ್ತಿಕೊಂಡು ಒಳಗೆ ಹೋದರು.

*

ರೋಮಿಗೆ ಇಳಿದದ್ದು ಬೆಳಗಿನ ಹೊತ್ತು. ಹಾಸ್ಟೆಲ್ಲಿನಲ್ಲಿ ಚೀಲ ಬಿಚ್ಚಿದರೆ ಚಪಾತಿ, ಚಟ್ನಿಪುಡಿ, ನಿಪ್ಪಟ್ಟು, ಎಲ್ಲಿ ಹೋದರೂ ಬೇಕಾಗುತ್ತದೆಂದು ಹಾಕಿಕೊಂಡ ಹಳೇ ಸೈಕಲ್ ಟ್ಯೂಬಿನ ತುಂಡು, ಅದರ ಅಡಿಯಲ್ಲಿ ವಾಲ್ ಕೀ.

ನರಸಪ್ಪನವರು ಮಂಚದ ಮೇಲೆ ಕುಸಿದರು. ಹೊರಡುವಾಗ ಅದನ್ನು ದೀಪಶ್ರೀ ಕೈಗೆ ಕೊಡಬೇಕಾಗಿತ್ತು. ಸೊಂಟದಿಂದ ಬಿಚ್ಚಿದ್ದು ನೆನಪಿದೆ, ಆಮೇಲೆ ಕೈಯೇ ಅದನ್ನು ಚೀಲಕ್ಕೆ ಹಾಕಿಬಿಟ್ಟಿದೆ. ವಾಲ್ ಮುಚ್ಚಿದೆ. ವಾರಪೂರ್ತಿ ವಠಾರಕ್ಕೆ ತೊಟ್ಟು ನೀರಿಲ್ಲ. ಮಗಳಿಗೆ ಫೋನ್ ಮಾಡಿದರೆ ಸಹಾಯಕ್ಕೆ ಕೈ ಚಾಚಿದಂತೆ.

"ಏನೋ ಮಾಡ್ಕತ್ತಾರೆ ಬುಡಿ," ಎಂದರು ವೆಂಕಟಮ್ಮ, ಚಪಾತಿಗೆ ಚಟ್ನಿಪುಡಿ ಉದುರಿಸುತ್ತಾ.

"ಏನ್ ಮಾಡ್ಕತ್ತಾರೆ? ಕೀ ಇಲ್ಲಿದೆ!"

"ಒಂದು ನಿಪ್ಪಟ್ಟು ತಗಳಿ."

ಹೆಂಡತಿಗೆ ಮರುಕವೇ ಇಲ್ಲವಲ್ಲ ಎಂದು ನರಸಪ್ಪನವರಿಗೆ ಮೊದಲ ಸಲ ಅನಿಸಿತು. ಬೆಲ್ಟಿಗೆ ಕೀ ಸಿಕ್ಕಿಸಿಕೊಂಡು ಸ್ನಾನಕ್ಕೆ ಹೋದರು. ಅಲ್ಲಿನ ಷವರಿಗೆ ಒಂದು ಗುಂಡಿ. ಒತ್ತಿದರೆ ನೀರು ಬರುತ್ತದೆ, ಒಂದು ಶ್ಲೋಕ ಹೇಳಿ ಮುಗಿಸುವಷ್ಟರಲ್ಲಿ ತಾನೇ ನಿಲ್ಲುತ್ತದೆ. ಹೊರಗೆ ಬಂದವರ ಮುಖ ಅರಳಿತ್ತು. "ಈ ಓನರ್ ಯಾರೋ ಭಾರಿ ಬುದ್ಧಿವಂತ ಕಣೇ."

ವೆಂಕಟಮ್ಮ ಸ್ನಾನ ಮುಗಿಸಿ ಬಂದರು, ಕಿವಿಯ ಹಿಂದೆ ಇನ್ನೂ ಸೀಗೆಪುಡಿ. "ತಲೆಗೆ ಹಚ್ಕಂಡು ನಿಂತಿದ್ದೆ, ನೀರು ನಿಂತೋಯ್ತು. ನಮ್ ಶಿವಗಂಗಾ ಗ್ಯಾಪ್ಕ ಬಂದ್ಲು."

ನರಸಪ್ಪನವರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ ಎಂಬಂತೆ ಭೂಪಟ ಬಿಡಿಸಿದರು.

ಊರು ನೋಡಿದ್ದೆಲ್ಲ ಕಾಲ್ನಡಿಗೆಯಲ್ಲೇ. ಟಿಕೆಟ್ ಇರುವ ಕಡೆ ಹೊರಗಿನಿಂದಲೇ ದರ್ಶನ. ಕೊಲೋಸಿಯಂ ಮುಂದೆ ನಿಂತು ಒಂದು ಸುತ್ತು ಹಾಕಿದರು. "ಒಳಗೂ ಇದೇ ಕಲ್ಲು ಇರ್ತದೆ. ಆದ್ರೆ ವೆಂಕಟೂ, ಎಷ್ಟು ಕಮಾನು ನೋಡು. ಸಾವಿರಾರು ವರ್ಷದಿಂದ ಖಾಲಿ ಬಿಟ್ಟವ್ರಲ್ಲ! ನಡುವೆ ಒಂದೊಂದು ಇಟ್ಟಿಗೆ ಗೋಡೆ ಎಬ್ಬಿಸಿ, ಶೀಟ್ ಹೊದೆಸಿದ್ದಿದ್ರೆ ಸಿಂಗಲ್ ರೂಮ್ ಎಷ್ಟಾಗ್ತಿತ್ತು?"

"ಅಷ್ಟು ಜನಕ್ಕೆ ನೀರು?" ಎಂದರು ವೆಂಕಟಮ್ಮ.

ನೀರು! ಆ ಊರಿನ ಸಂಕಟವೇ ಅದು. ಬೀದಿಬೀದಿಯಲ್ಲಿ ಸೊಂಟದೆತ್ತರದ ಕಬ್ಬಿಣದ ಕಂಬ, ಅದಕ್ಕೊಂದು ಬಾಗಿದ ಮೂಗು, ಆ ಮೂಗಿನಿಂದ ಕೈ ಬೆರಳಿನ ಗಾತ್ರಕ್ಕೆ ನೀರು. ಹರಿಯುತ್ತದೆ, ಹರಿಯುತ್ತದೆ, ಕೆಳಗಿನ ಜಾಲರಿಗೆ ಬಿದ್ದು ಹೋಗುತ್ತದೆ. ಹಿಡಿಯುವವರಿಲ್ಲ, ನಿಲ್ಲಿಸುವವರಿಲ್ಲ. ಮೊದಲನೆಯದನ್ನು ಕಂಡಾಗ ಯಾರೋ ಮರೆತು ಹೋಗಿರಬೇಕೆಂದು ನರಸಪ್ಪನವರು ನಿಲ್ಲಿಸಲು ಹೋದರು. ಕಂಬದ ಮುಂದೆ ತಡವಿದರು, ಹಿಂದೆ ತಡವಿದರು, ಮಂಡಿಯೂರಿ ಕೆಳಗೂ ತಡವಿದರು. ತಿರುಪು ಎಂಬುದೇ ಇಲ್ಲ.

"ತಿರುಪು ಇಡೋದು ಮರೆತವ್ರೆ!" ಎಂದು ಹೌಹಾರಿದರು.

ಅವತ್ತಿನಿಂದ ಅವರಿಗೆ ರೋಮ್ ಕಾಣಲಿಲ್ಲ, ನಲ್ಲಿಗಳೇ ಕಂಡವು. ಚರ್ಚಿನ ಗೋಪುರ ನೋಡಿ ಎಂದರೆ ಅದರ ಪಕ್ಕದ ನಲ್ಲಿ ನೋಡುವರು. ಅಮೃತಶಿಲೆಯ ವಿಗ್ರಹ ನೋಡಿ ಎಂದರೆ ಅದರ ಕಾಲಬುಡದಲ್ಲಿ ಹರಿಯುವುದನ್ನು ನೋಡುವರು. ಇಲ್ಲಿ ಕೇಳುವವರಿಲ್ಲದೆ ಹರಿಯುವ ನೀರು, ಅಲ್ಲಿ ಬಾಯಿ ಬಿಟ್ಟುಕೊಂಡು ಕೂತ ಖಾಲಿ ಬಿಂದಿಗೆಗಳು. ಶಿವಗಂಗಾ ಮುಖ ತೊಳೆಯದೆ ಮಲಗುವುದು ಕಣ್ಣಿಗೆ ಕಟ್ಟಿ, ನರಸಪ್ಪನವರಿಗೆ ಚಪಾತಿ ಸೇರಲಿಲ್ಲ. ತಾನು ಕೆಟ್ಟವನಲ್ಲ, ಮರೆವಿನವನು ಅಷ್ಟೇ, ಎಂದು ತಮಗೆ ತಾವೇ ಹೇಳಿಕೊಂಡರು.

ಕೊನೆಯ ದಿನ ಒಂದು ಸಣ್ಣ ಚೌಕದಲ್ಲಿ ಕೂತು ನಿಪ್ಪಟ್ಟು ತಿನ್ನುತ್ತಿದ್ದರು. ಎದುರಿಗೇ ನಲ್ಲಿ. ಸುರಿಯುತ್ತಲೇ ಇತ್ತು. ನರಸಪ್ಪನವರು ನಿಪ್ಪಟ್ಟನ್ನು ಕೆಳಗಿಟ್ಟು, ಚೀಲದಿಂದ ಸೈಕಲ್ ಟ್ಯೂಬ್ ಎಳೆದರು.

"ಬ್ಯಾಡ ಕಣ್ರೀ. ಪರದೇಸ."

"ನೀರು ಎಲ್ಲಾ ಕಡೆ ನೀರೇ."

ಸೋರುವ ನಲ್ಲಿಗೆ ಸೈಕಲ್ ಟ್ಯೂಬ್ ಬಿಗಿಯುವುದರಲ್ಲಿ ಹೆಬ್ಬಗೋಡಿಯಿಂದ ಅತ್ತಿಬೆಲೆಯವರೆಗೆ ನರಸಪ್ಪನವರನ್ನು ಮೀರಿಸಿದವರಿಲ್ಲ. ಮೂಗಿನ ತುದಿಯನ್ನು ಮಡಿಸಿ ಮುಚ್ಚಿದರು, ಎಳೆದೆಳೆದು ಸುತ್ತಿದರು, ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದರು. ನೀರು ನಿಂತಿತು. ಆ ಬೀದಿಗೆ ನಲ್ಲಿ ಬಂದಾಗಿನಿಂದ ಅಲ್ಲಿ ಕೇಳಿಸದಿದ್ದ ಮೌನ ಕೇಳಿಸಿತು. ಸೀಸರನ ಸೈನ್ಯಕ್ಕೆ ಹೆದರಿದ ರೋಮನ್ನು ಹೆಬ್ಬಗೋಡಿಯ ಸೈಕಲ್ ಟ್ಯೂಬ್ ಗೆದ್ದಿತ್ತು. ನರಸಪ್ಪನವರು ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, "ಈಗ ಹೇಳು," ಎಂದರು.

ಹೇಳಿದ್ದು ನಲ್ಲಿ. ಆ ಮೂಗಿನ ಬೆನ್ನ ಮೇಲೆ ಒಂದು ಸಣ್ಣ ತೂತಿರುತ್ತದೆ. ತುದಿಯನ್ನು ಬೆರಳಿನಿಂದ ಮುಚ್ಚಿದರೆ ತೂತಿನಿಂದ ನೀರು ಚಿಮ್ಮಿ ಬಾಯಿಗೆ ಬರಲಿ, ಬಗ್ಗದೆ ಕುಡಿಯಲಿ ಎಂದು ಮಾಡಿದ್ದು. ಇದು ಆ ಊರಿನ ಮಕ್ಕಳಿಗೂ ಗೊತ್ತು. ಬೆರಳಿಗೆ ಬದಲು ಟ್ಯೂಬ್ ಬಿಗಿದರೆ ಆಗುವುದೂ ಅದೇ, ಜೋರು ಮಾತ್ರ ಹೆಚ್ಚು. ನೀರು ಕಾಮನಬಿಲ್ಲಿನಂತೆ ಮೇಲೆದ್ದು ಬೀದಿಯ ತಿರುವಿಗೆ ಸುರಿಯಿತು. ಅದೇ ಗಳಿಗೆಗೆ ಆ ತಿರುವಿನಿಂದ ಒಂದು ಹಳದಿ ಬಾವುಟ ಬಂತು, ಬಾವುಟದ ಹಿಂದೆ ಟೋಪಿ ಹಾಕಿದ ಮಂದೆ ಬಂತು, ಮಂದೆಯ ಮುಂಚೂಣಿಯಲ್ಲಿ ಮೈಸೂರು ಸಿಲ್ಕ್ ಸೀರೆ ಉಟ್ಟು, ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಬಂದವರು ಅನುಸೂಯಮ್ಮ.

ತಲೆಯಿಂದ ಕಾಲಿನವರೆಗೆ ತೊಯ್ದ ಅನುಸೂಯಮ್ಮ ಮೊದಲು ಆಕಾಶ ನೋಡಿದರು, ಆಮೇಲೆ ನಲ್ಲಿ ನೋಡಿದರು, ಕೊನೆಗೆ ಟ್ಯೂಬಿನ ತುದಿ ಹಿಡಿದು ಎಳೆದಾಡುತ್ತಿದ್ದ ತಂಗಿಯ ಗಂಡನನ್ನು ನೋಡಿದರು.

"ನರಸಪ್ನೋರೇ," ಎಂದರು, "ರೋಮಿಗೂ ಬಂದು ನೀರು ಬುಡೋ ಕೆಲ್ಸಾನಾ?"

ಮಂದೆ ನಕ್ಕಿತು. ಗಂಟು ಬಿಚ್ಚಲಿಲ್ಲ. ಹೆಬ್ಬಗೋಡಿಯ ಗಂಟು ಅಷ್ಟು ಸುಲಭವಾಗಿ ಬಿಚ್ಚುವುದಿಲ್ಲ. ಅಷ್ಟರಲ್ಲಿ ಪೊಲೀಸನೊಬ್ಬ ಬಂದ. ಟ್ಯೂಬ್ ನೋಡಿದ, ನೀರು ನೋಡಿದ, ನರಸಪ್ಪನವರ ಸೊಂಟದಲ್ಲಿ ತೂಗಾಡುವ ಕಬ್ಬಿಣದ ಆಯುಧ ನೋಡಿ ಹುಬ್ಬು ಗಂಟಿಕ್ಕಿದ.

"ಸಾರ್, ವಾಟರ್ ವೇಸ್ಟ್," ಎಂದರು ನರಸಪ್ಪನವರು. "ಡೇ ವೇಸ್ಟ್, ನೈಟ್ ವೇಸ್ಟ್. ಐ ಓನರ್. ಹೆಬ್ಬಗೋಡಿ."

ಪೊಲೀಸನಿಗೆ ಹೆಬ್ಬಗೋಡಿ ಗೊತ್ತಿರಲಿಲ್ಲ. ಅವನು ತನ್ನ ಭಾಷೆಯಲ್ಲಿ ಏನೇನೋ ಕೇಳಿದ. ನರಸಪ್ಪನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೇರೆ ದಾರಿ ಕಾಣದೆ ಕೊನೆಗೆ ಆ ಹಳದಿ ಬಾವುಟದವನ ಕಡೆಗೇ ತಿರುಗಿದರು. "ಗುರುಗಳೇ, ಸ್ವಲ್ಪ ಇವನಿಗೆ ಹೇಳಿ."

ಬಾವುಟದವನು ಬಸವನಗುಡಿಯವನು, ಮೂವತ್ತು ಸಲ ರೋಮ್ ನೋಡಿದ ಗೈಡು. ಪೊಲೀಸನ ಹತ್ತಿರ ನಗುನಗುತ್ತಾ ಮಾತಾಡಿ, ನರಸಪ್ಪನವರಿಗೆ ವಿವರಿಸಿದ: "ಇಲ್ಲಿ ನೀರು ಹೀಗೇ ಹರೀತಿರ್ಬೇಕಂತೆ ಸಾರ್. ನಿಂತ್ರೆ ಪೈಪಲ್ಲಿ ಕೆಡುತ್ತಂತೆ. ದಾರಿಹೋಕರು ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ ಕುಡೀಲಿ ಅಂತ ಊರಿನೋರು ಇಟ್ಟಿರೋದು. ನಿಮ್ಮನ್ನ ಬಿಟ್ಟಿದಾರೆ. ಆದ್ರೆ ಆ ಕಬ್ಬಿಣದ ಕೀ ಕೊಟ್ಟುಬಿಡಬೇಕಂತೆ. ನೀವು ಅದನ್ನ ಹಿಡ್ಕೊಂಡು ಊರಲ್ಲಿ ಓಡಾಡೋದು ಬೇಡವಂತೆ."

ನರಸಪ್ಪನವರು ಬೆಲ್ಟಿನಿಂದ ಕೀ ಬಿಚ್ಚಿದರು. ಪೊಲೀಸ್ ಅದನ್ನು ತೆಗೆದುಕೊಂಡು, ಚಾಕುವಿನಿಂದ ಟ್ಯೂಬ್ ಕತ್ತರಿಸಿ, ತುದಿಯನ್ನು ಬೆರಳಿನಿಂದ ಮುಚ್ಚಿ, ಕುಡಿಯಿರಿ ಎಂದು ಸನ್ನೆ ಮಾಡಿದ. ನರಸಪ್ಪನವರು ಬಗ್ಗದೆ ಕುಡಿದರು. ತಣ್ಣಗೆ, ಸಿಹಿಯಾಗಿತ್ತು ನೀರು. ಅನುಸೂಯಮ್ಮ ಸೆರಗು ಹಿಂಡಿಕೊಂಡು, "ಬನ್ನಿ, ಬಸ್ನಲ್ಲಿ ಬಿಸಿಬೇಳೆಬಾತ್ ಐತೆ, ಉಂಡೋಗಿ," ಎಂದರು. ದಿಬ್ಬಣದ ಊಟವನ್ನು ನರಸಪ್ಪನವರು ಎರಡು ಸಲ ಹಾಕಿಸಿಕೊಂಡರು.

*

ವಿಮಾನದಲ್ಲಿ ಬರುವಾಗ ಸೊಂಟ ಹಗುರವಾಗಿತ್ತು, ಎದೆ ಭಾರವಾಗಿತ್ತು. ಗೇಟಿನ ಮುಂದೆ ಖಾಲಿ ಬಿಂದಿಗೆ ಸಾಲಿಟ್ಟು ಜನ ಕೂತಿರುತ್ತಾರೆ, ಏನು ಉತ್ತರ ಹೇಳುವುದು? ಯೋಚಿಸಿ ಯೋಚಿಸಿ, ಹೊಸೂರು ರಸ್ತೆ ಮುಟ್ಟುವಷ್ಟರಲ್ಲಿ ನರಸಪ್ಪನವರು ಒಂದು ತೀರ್ಮಾನಕ್ಕೆ ಬಂದರು. ಸೋತದ್ದು ಸೋತದ್ದೇ, ಆದರೆ ಸೋತದ್ದನ್ನು ದೊಡ್ಡತನದಿಂದ ಸಾರಬಹುದಲ್ಲ.

ಟ್ಯಾಕ್ಸಿ ಇಳಿದಾಗ ಸಂಜೆ. ಗೇಟಿನ ಮುಂದೆ ಬಿಂದಿಗೆ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಒಗೆದ ಬಟ್ಟೆಗಳು ನೀರು ತೊಟ್ಟಿಕ್ಕುತ್ತಿದ್ದವು. ಶಿವಗಂಗಾ ಮೆಟ್ಟಿಲಿಗೆ ನೀರು ಹಾಕಿ ಗುಡಿಸುತ್ತಿದ್ದಳು. ಮುಖ ತೊಳೆದು, ಕುಂಕುಮ ಇಟ್ಟುಕೊಂಡಿದ್ದಳು.

ಇದು ಹೇಗೆ ಎಂದು ಯೋಚಿಸುವಷ್ಟು ತಾಳ್ಮೆ ನರಸಪ್ಪನವರಿಗಿರಲಿಲ್ಲ. ಸಾರುವ ಮಾತು ಬಾಯಿಗೆ ಬಂದಾಗಿತ್ತು. ಕಾಂಪೌಂಡಿನ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು: "ನೋಡಮ್ಮಾ ಶಿವಗಂಗಾ, ಎಲ್ಲರಿಗೂ ಹೇಳ್ಬಿಡು. ರೋಮಿಗೆ ಹೋಗಿ ಬಂದ ಮೇಲೆ ನನ್ನ ಕಣ್ಣು ತೆರೀತು. ಇವತ್ತಿಂದ ನಮ್ಮ ಬಿಲ್ಡಿಂಗ್ನಲ್ಲಿ ಸಂಜೇನೂ ನೀರು."

ಶಿವಗಂಗಾ ಪೊರಕೆ ನಿಲ್ಲಿಸಿ ಅವರನ್ನು ನೋಡಿದಳು, ಆಮೇಲೆ ವೆಂಕಟಮ್ಮನನ್ನು ನೋಡಿದಳು.

"ಸಂಜೀ ನೀರು ದೀಪಾವಳಿಯಿಂದ ಬರಾಕ ಹತ್ತೈತಲ್ರಿ ಯಜಮಾನ್ರ. ನೀವು ಅರಳಿಕಟ್ಟಿಗೆ ಹೋಗ್ತಿದ್ದಂಗ ಅಮ್ಮಾರು ಬಿಡ್ತಿದ್ರು. ಊರಿಗೆ ಹೋಗೋ ಮುಂದ ಅವರು ಮಾಡಿಸಿಟ್ಟಿದ್ದ ಇನ್ನೊಂದು ಕೀ ದೀಪಕ್ಕನ ಕೈಯಾಗ ಕೊಟ್ಟು ಹೋಗಿದ್ರಲ್ರಿ."

ನರಸಪ್ಪನವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ವೆಂಕಟಮ್ಮ ಬೆನ್ನಿನ ಚೀಲ ಇಳಿಸುತ್ತಿದ್ದರು.

"ಎರಡು ಹೊತ್ತು ಬಿಟ್ರೂ... ಸಂಪು ಖಾಲಿ ಆಗ್ಲಿಲ್ವಾ?"

"ಎಲ್ಲಿ ಆಯ್ತು? ನಿಮ್ಮ ಶಿಸ್ತಿಂದ್ಲೇ ತುಂಬ್ತಾ ಐತೆ ಅಂತ ದಿನಾ ನೀವೇ ಯೋಳ್ತಿದ್ರಲ್ಲ," ಎಂದರು ವೆಂಕಟಮ್ಮ. "ಅದಕ್ಕೇ ಕಣ್ರೀ ಅವತ್ತೇ ಅಂದಿದ್ದು, ನಂಗ್ಯಾಕೆ ಬುಡಿ ಅದು ಅಂತ. ನಂದು ನಂತಾವ ಐತೆ. ಈಗ ನಿಮ್ಗೆ ಬೇಕಿದ್ರೆ ಕೇಳಿ, ಒಂದೊತ್ತು ಕೊಡ್ತೀನಿ."