ಬೆಕ್ಕಿಗೆ ಮಣೆಯಾದ ಚಿಕ್ಕತ್ತೆ

ಆ ದಿನ ನಾನು ಹಂಡೆಗೆ ನೀರು ತುಂಬಿದೆ, ಹುರುಳಿ ಆರಿಸಿದೆ, ಕಡಲೆಕಾಯಿ ಸುಲಿದೆ, ಚಿಕ್ಕಮಾವನ ಪಂಚೆಗೆ ಹತ್ತಿದ ಬಣ್ಣಕ್ಕೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಅದು ಹೋಗಲಿಲ್ಲ. ಮಧುಗಿರಿಯಲ್ಲಿ ಬೆಟ್ಟ ಬಿಟ್ಟರೆ ಅಲ್ಲಾಡಿಸಲಾಗದ್ದು ಎರಡೇ: ಚಿಕ್ಕಮಾವನ ಪಂಚೆಯ ಬಣ್ಣ, ಚಿಕ್ಕಮಾವನ ಹಟ!

ನಮ್ಮ ಯಜಮಾನರ ಚಿಕ್ಕಪ್ಪನಾದ ಇವರು ಎಣ್ಣೆಬಣ್ಣದಲ್ಲಿ ಮನುಷ್ಯರ ಚಿತ್ರ ಬರೆಯುತ್ತಿದ್ದರು. ಇದ್ದದ್ದನ್ನು ಇದ್ದಂತೆಯೇ ಬರೆಯುತ್ತಿದ್ದರು, ಅದೇ ತೊಂದರೆ. ಶಿರಾದ ಕಡಲೆಕಾಯಿ ಸಾಹುಕಾರರ ಮೂಗಿನ ಮೇಲಿನ ನರಹುಲಿಯನ್ನು ಅದರ ಕೂದಲ ಸಮೇತ ಬರೆದಿಟ್ಟರು.

"ಅದೊಂದ್ ತೆಗೆದ್ಬುಡಿ ಸ್ವಾಮಿ," ಅಂದರು ಸಾಹುಕಾರರು.

"ಮೊದ್ಲು ನೀವ್ ತೆಗೀರಿ, ಆಮೇಲೆ ನಾನ್ ತೆಗೀತೀನಿ!"

ಪಟ ನಮ್ಮ ಅಟ್ಟ ಸೇರಿತು. ಇಲಿಗಳಿಗೆ ದಿನಾ ಸಾಹುಕಾರರ ದರ್ಶನ!

ಇಂಥವರಿಗೆ ಹೆಂಡತಿಯ ಚಿತ್ರ ಬರೆಯುವ ಆಸೆ. ಚಿಕ್ಕತ್ತೆಯ ಎಡಗೆನ್ನೆ ತುಂಬ ಸಿಡುಬಿನ ಕುಳಿಗಳು. ಮದುವೆಯಾಗಿ ಬಂದಾಗಿನಿಂದ ಆ ಕೆನ್ನೆಗೆ ಸೆರಗು ಅಡ್ಡ. ಸಾರು ಬಡಿಸುವಾಗಲೂ ನಮಗೆ ಕಂಡದ್ದು ಬಲಗೆನ್ನೆಯೇ. ಕೂತಾರೆಯೇ?

"ಬದ್ಕಿರೋಳ್ನ ಗೋಡೆಗೇರಿಸ್ತೀರಾ? ಹೂವಿನ ಹಾರಾನೂ ತಂದಿಟ್ಕಂಡಿದೀರೇನು?"

"ನಿಂದಲ್ಲ ಕಣೇ, ಬೆಕ್ಕಿಂದು! ಅದು ನೆಲದ್ ಮ್ಯಾಲೆ ಒಂದ್ ಗಳಿಗೆ ಕೂತ್ಕಳಲ್ಲ. ನೀನು ಮಣೆ, ಅಷ್ಟೇಯ."

ಮಣೆಗೆಲ್ಲಿಯ ಮುಖ ಎಂದು ಚಿಕ್ಕತ್ತೆ ನಂಬಿ ಕಿಟಕಿಯ ಬೆಳಕಿಗೆ ಕೂತರು. ಬೆಕ್ಕಿನ ತುಪ್ಪಳಕ್ಕೆಂದು ಚಿಕ್ಕಮಾವ ನಾಲ್ಕೇ ಕೂದಲಿನ ಕುಂಚ ಮಾಡಿಕೊಂಡಿದ್ದರು. ಬಾಲ ಶುರುವಾದಾಗ ನಾನು ಹಾಕಿದ ಉಪ್ಪಿನಕಾಯಿಯ ಜಾಡಿ, ಕಿವಿ ಮುಗಿಯುವ ಹೊತ್ತಿಗೆ ತಳ ಕಂಡಿತ್ತು! ಬೆಕ್ಕು ಆಗಾಗ ಸೆರಗಿನ ತುದಿ ಹಿಡಿದು ಎಳೆದಾಡುತ್ತಿತ್ತು. ಸೆರಗು ಜಾರಿದ್ದನ್ನು ನಾವ್ಯಾರೂ ಚಿಕ್ಕತ್ತೆಗೆ ಹೇಳಲಿಲ್ಲ.

ನಾನು ಪಂಚೆ ಉಜ್ಜಿದ ಆ ದಿನವೇ ಮಧ್ಯಾಹ್ನ ಚಿಕ್ಕಮಾವ ಪಟದ ಮೇಲಿನ ಬಟ್ಟೆ ಸರಿಸಿದರು. ಮೊದಲು ಬೆಕ್ಕು ಬಂತು, ಮೂಸಿತು, ಸೀನಿತು, ಹೋಯಿತು. ವಿಮರ್ಶೆ ಮುಗಿಯಿತು!

ಆಮೇಲೆ ಚಿಕ್ಕತ್ತೆ ಬಂದರು. ಪಟದಲ್ಲಿ ಬೆಕ್ಕಿನ ಮೇಲ್ಗಡೆ ಅವರದೇ ಮುಖ, ಅದೂ ಎಡಗೆನ್ನೆ. ಒಂದೊಂದು ಕುಳಿಯಲ್ಲೂ ಕಿಟಕಿಯ ಬೆಳಕು ಚೂರುಚೂರು ನಿಂತಿತ್ತು. ಚಿಕ್ಕಮಾವ ಕುಂಚದಿಂದ ಕಿವಿ ಕೆರೆದುಕೊಂಡು, ಕಿವಿಯನ್ನೂ ಬಣ್ಣ ಮಾಡಿಕೊಂಡು, ಮೆಲ್ಲಗೆ ಅಂದರು:

"ಬ್ಯಾಡ ಅಂದ್ರೆ ಹೇಳು. ಎಲ್ಲಾ ತೆಗೆದ್ಬುಡ್ತೀನಿ."

ಸಾಹುಕಾರರಿಗೂ ಜಗ್ಗದ ಮನುಷ್ಯ!

ಚಿಕ್ಕತ್ತೆ ಬಹಳ ಹೊತ್ತು ನೋಡಿದರು. ಪಟದ ಕೆನ್ನೆಯ ಹತ್ತಿರ ಬೆರಳು ಒಯ್ದರು, ಆ ಬೆರಳನ್ನೇ ತಮ್ಮ ಕೆನ್ನೆಗೆ ತಂದರು. ಆಮೇಲೆ ಸೆರಗನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕೆನ್ನೆಯನ್ನು ಗಂಡನ ಮುಂದೆ ಹಿಡಿದರು.

"ಇಲ್ನೋಡಿ, ಕಿವಿ ಕೆಳಗೆ. ಇದೊಂದ್ ಬುಟ್ಬುಟ್ಟಿದೀರಲ್ಲ. ಹಾಕಿ."

ಅಂದು ಊಟಕ್ಕೆ ಮುದ್ದೆ, ಹುರುಳಿ ಸಾರು. ಚಿಕ್ಕತ್ತೆ ಎರಡೂ ಕೆನ್ನೆ ಬಿಟ್ಟುಕೊಂಡೇ ಬಡಿಸಿದರು. ಎಲ್ಲರಿಗಿಂತ ಮೊದಲು ಮಲಗಿದ್ದು ಬೆಕ್ಕು, ತನ್ನ ಮಣೆಯ ಮೇಲೆ.